ಬೆಂಕಿ ಹತ್ತದ ಬ್ಯಾಟರಿಗೂ ನೆರಳು ಬೇಕು

ಮಾನ್ಯ ಸಂಪಾದಕರೇ,

ಸೌರ ವಿದ್ಯುತ್ ಕೂಡಿಡಲು ವನೇಡಿಯಂ ಫ್ಲೋ ಬ್ಯಾಟರಿಯ ಮಾತು ಬಂದಾಗಲೆಲ್ಲ, ‘ಇದರಲ್ಲಿರುವುದು ನೀರು ಬೆರೆತ ಆಮ್ಲ, ಲಿಥಿಯಂನಂತೆ ಹೊತ್ತಿ ಉರಿಯದು, ರಾಯಚೂರು, ಕಲಬುರಗಿಯ ಬಿಸಿಲಿಗೆ ಹೇಳಿ ಮಾಡಿಸಿದ್ದು’ ಎಂಬ ವಾದ ಕೇಳಿಬರುತ್ತದೆ. ಮೊದಲರ್ಧ ನಿಜ, ಎರಡನೆಯದು ಅಲ್ಲ.

ಈ ಬ್ಯಾಟರಿಯ ಎರಡು ಟ್ಯಾಂಕುಗಳಲ್ಲಿರುವುದು ಗಂಧಕಾಮ್ಲದಲ್ಲಿ ಕರಗಿಸಿದ ವನೇಡಿಯಂ ಎಂಬ ಲೋಹ, ಸಾಮಾನ್ಯವಾಗಿ ಲೀಟರಿಗೆ 1.6 ಮೋಲ್. ಪಂಪುಗಳು ಅದನ್ನು ಸ್ಟ್ಯಾಕಿನೊಳಗಿನ (ವಿದ್ಯುತ್ ತುಂಬುವ, ತೆಗೆಯುವ ಸೆಲ್‌ಗಳ ಜೋಡಣೆ) ಕಾರ್ಬನ್ ಫೆಲ್ಟ್ ಎಂಬ ರಂಧ್ರಮಯ ಹಾಳೆಯ ಮೂಲಕ ಹಾಯಿಸುತ್ತವೆ. ಚಾರ್ಜ್ ಆದಂತೆಲ್ಲ ಪಾಸಿಟಿವ್ ಬದಿಯ ವನೇಡಿಯಂ ಎಲೆಕ್ಟ್ರಾನ್ ಕಳೆದುಕೊಂಡು +5 ಸ್ಥಿತಿಗೆ ಏರುತ್ತದೆ. ದ್ರಾವಣ 40 ಡಿಗ್ರಿ ಸೆಲ್ಸಿಯಸ್ ದಾಟಿ ಹಾಗೇ ನಿಂತರೆ ಅದು ವನೇಡಿಯಂ ಪೆಂಟಾಕ್ಸೈಡ್ ಆಗಿ ಗಸಿಗಟ್ಟುತ್ತದೆ. ಗಸಿ ಫೆಲ್ಟಿನಲ್ಲಿ ಕೂತರೆ ಹರಿವು ಕುಗ್ಗಿ, ಪಂಪಿನ ಮೇಲೆ ಒತ್ತಡ ಏರುತ್ತದೆ. ತಣ್ಣಗಾದ ಮಾತ್ರಕ್ಕೆ ಅದು ಮತ್ತೆ ಕರಗುವುದೂ ಇಲ್ಲ.

ಸೋಲಾರ್ ಜೊತೆ ಕಟ್ಟಿದ ಬ್ಯಾಟರಿ ತುಂಬುವುದು ಮಧ್ಯಾಹ್ನ ಮೂರರ ಸುಮಾರಿಗೆ. ಅದನ್ನು ಬಳಸುವುದು ದೀಪ ಹಚ್ಚುವ ಹೊತ್ತಿಗೆ. ಪೂರ್ತಿ ಚಾರ್ಜು, ಉರಿಬಿಸಿಲು, ಸುಮ್ಮನೆ ನಿಲ್ಲುವುದು, ಮೂರೂ ಒಟ್ಟಿಗೇ ಬಂದವು. ಉದಾಹರಣೆಗೆ ಹೇಳಲಾಗುವ ಜಪಾನಿನ ಹೊಕ್ಕೈಡೊದ 60 ಮೆಗಾವ್ಯಾಟ್-ಅವರ್, ಚೀನಾದ ದಾಲಿಯನ್‌ನ 400 ಮೆಗಾವ್ಯಾಟ್-ಅವರ್ ಘಟಕಗಳೆರಡೂ ತಂಪು ಸೀಮೆಯವು. ಅವು ಚೆನ್ನಾಗಿ ನಡೆದರೆ ನಮ್ಮ ಏಪ್ರಿಲ್‌ಗೆ ಅದು ಸಾಕ್ಷಿಯಾಗದು.

ಟೆಂಡರಿನಲ್ಲಿ ‘ಹೊರಗಿನ ತಾಪಮಾನ 45 ಡಿಗ್ರಿ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ಆ ದಿನವೂ ದ್ರಾವಣ 38 ಡಿಗ್ರಿ ಮೀರಬಾರದು ಎಂದು ಬರೆಯಬೇಕು. 1 ಮೆಗಾವ್ಯಾಟ್-ಅವರ್‌ಗೆ ಎರಡೂ ಟ್ಯಾಂಕು ಸೇರಿ ಸುಮಾರು 50,000 ಲೀಟರ್ ದ್ರಾವಣ ಬೇಕು. ಅಷ್ಟು ದ್ರವ ನಿಧಾನವಾಗಿ ಕಾಯುತ್ತದೆ, ಆರುವುದೂ ನಿಧಾನವೇ. ಹಾಗಾಗಿ ಟ್ಯಾಂಕಿಗೆ ಚಪ್ಪರ ಹಾಕಿ, ರಾತ್ರಿಯ ತಂಪಿನಲ್ಲಿ ದ್ರಾವಣದ ಬಿಸಿ ಹೊರಹಾಕುವ ಹೀಟ್ ಎಕ್ಸ್‌ಚೇಂಜರ್ ಓಡಿಸುವುದು ಅಗ್ಗ. ಪಂಪು ಮತ್ತು ತಂಪುಗೊಳಿಸುವ ಯಂತ್ರಕ್ಕೆ ಹೋಗುವ ಕರೆಂಟನ್ನೂ ಕಳೆದು, ಗ್ರಿಡ್ ಮೀಟರಿನಲ್ಲಿ ದಕ್ಷತೆ ಅಳೆಯಬೇಕು. ಸ್ಟ್ಯಾಕಿನ ತುದಿಯಲ್ಲಿ ಅಳೆದ ಅಂಕಿ ಯಾವಾಗಲೂ ಚೆಂದವೇ.

ಬೇಸಿಗೆಯಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸಿ, ಗಸಿಗಟ್ಟುವ +5 ವನೇಡಿಯಂ ಕಡಿಮೆ ಇರಿಸುವುದು ಇನ್ನೊಂದು ದಾರಿ. ಕಡಿಮೆಯಾದ ಯೂನಿಟ್‌ಗಳಿಗೆ ಹೆಚ್ಚು ದ್ರಾವಣ ತುಂಬಿಕೊಂಡರಾಯಿತು, ಸ್ಟ್ಯಾಕ್ ಮುಟ್ಟಬೇಕಿಲ್ಲ. ಈ ಅನುಕೂಲ ಲಿಥಿಯಂಗಿಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ದ್ರಾವಣ 50 ಡಿಗ್ರಿವರೆಗೂ ತಡೆಯುತ್ತದೆ, ನಿಜ. ಆದರೆ ಓವರ್‌ಚಾರ್ಜ್ ಆದರೆ ಕ್ಲೋರಿನ್ ಅನಿಲ ಹೊಮ್ಮುವ ಅಪಾಯವಿದೆ. ಅದನ್ನು ಒಪ್ಪುವ ಮೊದಲು ಗಾಳಿಯಾಟ ಮತ್ತು ಅನಿಲ ಸೆನ್ಸರ್‌ಗಳ ಷರತ್ತು ಹಾಕಬೇಕು.

– ಎಲೆಕ್ಟ್ರಿಕಲ್ ಎಂಜಿನಿಯರ್, ರಾಯಚೂರು