ಹೋಳಿಗೆ ಮೇಲೆ ಯಾಕೋ ಸಿಟ್ಟು?

ಲೋ ಗೆಳೆಯಾ,

ನೀನು ಕಳಿಸಿದ ರಿಪೋರ್ಟ್ ನೋಡಿದೆ. ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಟೆಸ್ಟ್) 6.1. ಅದರ ಕೆಳಗೇ ನಿನ್ನ ಶಪಥ: ಇನ್ನು ಮೇಲೆ ಹೋಳಿಗೆ ಇಲ್ಲ, ತುಪ್ಪ ಇಲ್ಲ, ರಾತ್ರಿ ಬರೀ ಓಟ್ಸ್. ನಿನ್ನನ್ನು ನಾನು ನೋಡಿಲ್ವಾ? ವಾರ ಕಳೆಯುವಷ್ಟರಲ್ಲಿ ಬೇಕರಿ ಮುಂದೆ ನಿಂತಿರುತ್ತೀಯ. ಅಲ್ಲ ಕಣೋ, ಹಬ್ಬಕ್ಕೊಮ್ಮೆ ಬರುವ ಹೋಳಿಗೆ ಪಾಪ ಏನು ಮಾಡಿತ್ತು?

ಆ ಟೆಸ್ಟಿನ ಲೆಕ್ಕವೇ ಬೇರೆ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ರಕ್ತದಲ್ಲಿರುವ ಸಕ್ಕರೆ ಅದಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಹಿಂದಿನ ದಿನ ಪಥ್ಯ ಮಾಡಿ ಲ್ಯಾಬಿಗೆ ಹೋದರೂ ಎರಡು ಮೂರು ತಿಂಗಳ ಬಂಡವಾಳ ಬಯಲಾಗುತ್ತದೆ. 5.7ರಿಂದ 6.4ರ ತನಕ ಸಕ್ಕರೆ ಕಾಯಿಲೆಯ ಗಡಿ, ನೀನು ಅಲ್ಲಿದ್ದೀಯ. ಆದರೆ ಇದು ಶುರುವಾಗಿ ಎಷ್ಟು ವರ್ಷ ಆಗಿದೆಯೋ. ಬೇಕಾದ್ದಕ್ಕಿಂತ ಜಾಸ್ತಿ ತಿಂದು, ತಿಂದು ಕೂತೇ ಇದ್ದರೆ, ಹೊಟ್ಟೆಯ ಸುತ್ತ ಕೊಬ್ಬು ಸೇರಿ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹಾರ್ಮೋನಿನ ಮಾತು ಕೇಳುವುದನ್ನು ಮೈ ಕಡಿಮೆ ಮಾಡುತ್ತದೆ, ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ವರ್ಷಗಟ್ಟಲೆ ಹೇಗೋ ಸಂಭಾಳಿಸುತ್ತದೆ, ಅಷ್ಟು ವರ್ಷವೂ ರಿಪೋರ್ಟ್ ನಾರ್ಮಲ್. ಅದಕ್ಕೆ ಸುಸ್ತಾದಾಗ ನಂಬರ್ ಏರುತ್ತದೆ.

‘ನಾನೇನು ದಪ್ಪ ಇಲ್ವಲ್ಲ’ ಅಂದೆ ನೀನು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ನಮ್ಮ ದೇಶದವರ ಮೈಯೇ ಹಾಗೆ. ಗಂಡಸರ ಸೊಂಟದ ಅಳತೆ 90 ಸೆಂ.ಮೀ. ದಾಟಿದರೆ ಎಚ್ಚರ ಅನ್ನುತ್ತಾರೆ. ಟೇಪ್ ಹಿಡಿದು ನೋಡು, ಉಸಿರು ಎಳೆದುಕೊಂಡು ನೋಡಬೇಡ. 2023ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ಬಂತಲ್ಲ, ದೇಶದಲ್ಲಿ 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ನಿನ್ನ ಹಾಗೆ ಗಡಿಯಲ್ಲಿ.

ಈಗ ನಿನ್ನ ಕಾಫಿಗೆ ಬರೋಣ. ದಿನಕ್ಕೆ ನಾಲ್ಕು, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಚಮಚಕ್ಕೆ 4 ಗ್ರಾಂ ಹಿಡಿದರೂ ದಿನಕ್ಕೆ 32 ಗ್ರಾಂ, ತಿಂಗಳಿಗೆ ಹತ್ತಿರ ಹತ್ತಿರ ಒಂದು ಕೆ.ಜಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು, ಅದೂ ಬಿಸ್ಕತ್ತು, ಜ್ಯೂಸು ಎಲ್ಲ ಸೇರಿಸಿ. ನೀನು ಕಾಫಿಯಲ್ಲೇ ಅದನ್ನು ದಾಟಿಬಿಟ್ಟೆ! ಹಾಗಂತ ಕಾಫಿ ಬಿಡಬೇಡ. ಚಮಚವನ್ನು ಅರ್ಧ ಅರ್ಧ ಇಳಿಸುತ್ತಾ ಬಾ, ನಾಲಿಗೆ ಒಗ್ಗಿಕೊಳ್ಳುತ್ತದೆ.

ಇನ್ನು ತಟ್ಟೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಸಾರಿಗೊಂದು ಸಲ ಅನ್ನ, ಹುಳಿಗೆ ಮತ್ತೊಂದು ಸಲ, ಮೊಸರಿಗೆ ಇನ್ನೊಂದು ಸಲ, ರಾತ್ರಿ ದೋಸೆ. ಎಲ್ಲ ಅಕ್ಕಿಯೇ ಅಲ್ವಾ? ಪಲ್ಯ ಮಾತ್ರ ಉಪ್ಪಿನಕಾಯಿ ಥರ ತಟ್ಟೆ ತುದಿಗೆ ಒಂಚೂರು. ಅದನ್ನು ತಿರುಗಿಸು. ಮೊದಲು ಪಲ್ಯ, ಕೋಸಂಬರಿ, ಹುಳಿಯ ತಳದಲ್ಲಿರುವ ಬೇಳೆ ತರಕಾರಿ ತಿನ್ನು, ಕೊನೆಗೆ ಅನ್ನ. ಹೀಗೆ ತಿಂದರೆ ಊಟವಾದ ಮೇಲೆ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ, ಮೂರು ಸಲ ಅನ್ನ ಹಾಕಿಸಿಕೊಳ್ಳುವಷ್ಟು ಹಸಿವೂ ಉಳಿಯುವುದಿಲ್ಲ.

ಯಾರೋ ರಾಗಿ ಮಾಲ್ಟ್ ಕುಡಿ ಅಂದರಂತೆ. ನುಣ್ಣಗೆ ಬೀಸಿದ ಹಿಟ್ಟನ್ನು ಗಂಜಿ ಮಾಡಿ ಬೆಲ್ಲ ಹಾಕಿ ಕುಡಿದರೆ ಸಕ್ಕರೆ ಏರದೆ ಇನ್ನೇನಾಗುತ್ತದೆ? ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ಸರಿ, ಆದರೆ ಅದು ಔಷಧಿ ಏನಲ್ಲ. ನಮ್ಮ ತಾತಂದಿರು ಮುದ್ದೆ ತಿಂದು ಗಟ್ಟಿಯಾಗಿದ್ದರು ಅಂತ ಎಲ್ಲರೂ ಹೇಳುತ್ತಾರೆ. ಪಕ್ಕದಲ್ಲಿ ಹುರುಳಿ ಬಸ್ಸಾರು, ಸೊಪ್ಪು ಇರುತ್ತಿತ್ತು, ಉಂಡ ಮೇಲೆ ಹೊಲಕ್ಕೆ ಹೋಗುತ್ತಿದ್ದರು ಅನ್ನೋದನ್ನ ಯಾರೂ ಹೇಳಲ್ಲ. ನೀನು ಮುದ್ದೆ ಉಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತೀಯ. ಮನೆ ಸುತ್ತ ಹದಿನೈದು ನಿಮಿಷ ಸುಮ್ನೆ ಓಡಾಡು, ಕಾಲಿನ ಸ್ನಾಯುಗಳೇ ಆ ಸಕ್ಕರೆ ಎಳೆದುಕೊಳ್ಳುತ್ತವೆ. ಹತ್ತೂವರೆಗೆ ಉಂಡು ಹನ್ನೊಂದಕ್ಕೆ ಮಲಗುವುದನ್ನಂತೂ ಬಿಡಲೇಬೇಕು.

ಡಾಕ್ಟರ್ ಏನಂದರು ಅಂತ ನೀನು ಬರೆಯಲೇ ಇಲ್ಲ. ಬಿಪಿ ನೋಡಿದರಾ? ನಿಮ್ಮಪ್ಪನಿಗೂ ಶುಗರ್ ಇತ್ತಲ್ವಾ, ಅದನ್ನು ಅವರಿಗೆ ಹೇಳು. ಹೇಗೂ ಮೂರು ತಿಂಗಳಾದ ಮೇಲೆ ಮತ್ತೆ ಟೆಸ್ಟ್ ಮಾಡಿಸುತ್ತೀಯ, ಆಗ ನಿನ್ನ ತಮ್ಮನನ್ನೂ ಕರೆದುಕೊಂಡು ಹೋಗು. ಅವನೂ ದಪ್ಪ ಇಲ್ಲವಲ್ಲ.

ನಿನ್ನವ