ದಾಸವಾಳದ ಪುಟ: ಮೊದಲು ಅಚ್ಚು, ಆಮೇಲೆ ನೀರು

ಪ್ರಿಯ ಗೆಳೆಯಾ,

ಚಿತ್ರ, ಬರಹ ಎರಡೂ ಇರುವ ಆರ್ಟ್ ಜರ್ನಲ್‌ನಲ್ಲಿ ಒಂದು ದಾಸವಾಳದ ಪುಟ ಆಗಬೇಕು, ಗೆರೆ ಅಚ್ಚಿನದು, ಬಣ್ಣ ವಾಟರ್ ಕಲರ್‌ನದು ಎಂದು ಕೇಳಿದ್ದೀಯ. ಇಂಕಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸ ಹೆಚ್ಚಾಗಿ ಕೆಡುವುದೇ ಅಲ್ಲಿ.

ಆಫೀಸಿನಲ್ಲಿ ಸೀಲು ಒತ್ತುವ ನೇರಳೆ ಪ್ಯಾಡ್ ಬೇಡವೇ ಬೇಡ. ಅದರ ಬಣ್ಣ ನೀರಿಗೆ ಕರಗುವಂಥದ್ದು. ಒಣಗಿದಂತೆ ಕಂಡರೂ ಒದ್ದೆ ಬ್ರಶ್ ತಾಗಿದ ಕೂಡಲೇ ಗೆರೆ ಹರಡಿ ಕೆಂಪು ದಳಕ್ಕೆಲ್ಲ ನೇರಳೆ ಇಳಿಯುತ್ತದೆ. ಪ್ಯಾಡಿನ ಮೇಲೆ ‘ಪರ್ಮನೆಂಟ್’ ಎಂದಿದ್ದರೆ ಸಾಲದು, ‘ವಾಟರ್‌ಪ್ರೂಫ್’ ಎಂದೇ ಇರಬೇಕು. ಇದ್ದರೂ ನಂಬಬೇಡ. ಅದೇ ಕಾಗದದ ಚೂರೊಂದರ ಮೇಲೆ ಒತ್ತಿ, 10 ನಿಮಿಷ ಬಿಟ್ಟು, ಒದ್ದೆ ಬ್ರಶ್ಶಿನಿಂದ ಮೂರ್ನಾಲ್ಕು ಸಲ ಉಜ್ಜಿ ನೋಡು. ಪಿಗ್ಮೆಂಟ್ ಇಂಕ್ (ಕರಗದ ಬಣ್ಣದ ಪುಡಿಯಿಂದ ಮಾಡಿದ್ದು) ಆದರೆ ಒಣಗುವುದು ನಿಧಾನ. ಹೇರ್ ಡ್ರೈಯರ್ ಬಿಸಿ ಕೊಟ್ಟು ಮತ್ತೊಮ್ಮೆ ಪರೀಕ್ಷಿಸು. ಅಂಥ ಪ್ಯಾಡ್ ಸಿಗದಿದ್ದರೆ ಅಕ್ರಿಲಿಕ್ ಬಣ್ಣವೇ ಸಾಕು: ಮೇಕಪ್ ಸ್ಪಂಜಿನಲ್ಲಿ ತೆಳ್ಳಗೆ ತಟ್ಟಿ, ಒಣಗುವ ಮೊದಲೇ ಒತ್ತಬೇಕು, ಒತ್ತಿದ ತಕ್ಷಣ ಅಚ್ಚು ತೊಳೆಯಬೇಕು. ದಪ್ಪ ಹಚ್ಚಿದರೆ ಕೆತ್ತಿದ ಸಂದಿಗಳೆಲ್ಲ ತುಂಬಿ ಹೂವಿನ ಬದಲು ಮುದ್ದೆಯೊಂದು ಮೂಡುತ್ತದೆ.

ಅಂಗಡಿಯ ಅಚ್ಚುಗಳಲ್ಲಿ ಗುಲಾಬಿಗೆ ಬರವಿಲ್ಲ; ದಾಸವಾಳ ಬೇಕಾದರೆ ಕೆತ್ತಿಕೊಳ್ಳುವುದೇ ವಾಸಿ. ಹೂವಿಗೆ ಸುಮಾರು 5 ಸೆಂ.ಮೀ. ಅಗಲದ ಮೆತ್ತನೆಯ ಕಾರ್ವಿಂಗ್ ಬ್ಲಾಕ್ (ಅಚ್ಚು ಕೆತ್ತಲೆಂದೇ ಸಿಗುವ ರಬ್ಬರ್ ತುಂಡು), ಎಲೆಗೆ ಶಾಲೆ ಮಕ್ಕಳ ಬಿಳಿ ರಬ್ಬರ್ ಸಾಕು. ಬಟರ್ ಪೇಪರ್ ಮೇಲೆ ಮೆತ್ತನೆ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು, ಬೋರಲು ಹಾಕಿ ಉಗುರಿನಿಂದ ತಿಕ್ಕಿದರೆ ಗೆರೆ ಬ್ಲಾಕಿಗೆ ತಿರುಗುಮುರುಗಾಗಿ ಇಳಿಯುತ್ತದೆ, ಒತ್ತಿದಾಗ ಸರಿಯಾಗುತ್ತದೆ. ವಿ ಆಕಾರದ ಲಿನೋ ಕಟರ್ ಹಿಡಿದಾಗ ಅಲಗು ಗೆರೆಯಿಂದ ಹೊರಕ್ಕೆ ವಾಲಿರಲಿ. ಗೆರೆಯ ಬುಡ ಅಗಲವಾಗಿದ್ದರೆ ಗಟ್ಟಿ. ಒಳಕ್ಕೆ ಕೊರೆದರೆ ನಾಲ್ಕು ಸಲ ಒತ್ತುವಷ್ಟರಲ್ಲಿ ಮುರಿಯುತ್ತದೆ. ನಡುವಿನ ಕೇಸರದ ದಂಡನ್ನು ಕೆತ್ತಲು ಹೋಗಬೇಡ, ಅಷ್ಟು ಸಣ್ಣ ಗೆರೆ ಉಳಿಯುವುದಿಲ್ಲ. ಕೊನೆಗೆ ಪೆನ್ನಿನಲ್ಲಿ ಬರೆದುಕೊಳ್ಳಬಹುದು.

ಕಾಗದ 300 ಜಿಎಸ್‌ಎಂ ಇರಲಿ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ. ನಿನ್ನ ಜರ್ನಲ್‌ನ ಹಾಳೆ ತೆಳ್ಳಗಿದ್ದರೆ ಪುಟವನ್ನು ಬಿಡಿ ಹಾಳೆಯಲ್ಲಿ ಮಾಡಿ ಆಮೇಲೆ ಅಂಟಿಸು. ಜೆಸ್ಸೊ (ಬಣ್ಣಕ್ಕೆ ಮೊದಲು ಕ್ಯಾನ್ವಾಸಿಗೆ ಹಚ್ಚುವ ಬಿಳಿ ಅಸ್ತರು) ಬಳಿದು ತೆಳು ಹಾಳೆಯನ್ನು ಬಲಪಡಿಸುವವರಿದ್ದಾರೆ, ಆದರೆ ಸಾಮಾನ್ಯ ಜೆಸ್ಸೊ ಮೇಲೆ ವಾಟರ್ ಕಲರ್ ಒಳಗಿಳಿಯದೆ ಮೇಲೆಯೇ ನಿಲ್ಲುತ್ತದೆ, ಎರಡನೇ ಪದರ ಹಚ್ಚುವಾಗ ಮೊದಲನೆಯದು ಎದ್ದು ಬರುತ್ತದೆ. ಕೈಕಾಗದ ಚೆಂದ, ಆದರೆ ಸೈಜಿಂಗ್ (ಬಣ್ಣ ಹೀರದಂತೆ ಹಾಕುವ ಅಂಟು) ಇಲ್ಲದ್ದಾದರೆ ಹೀರುಕಾಗದದ ಹಾಗೆ ಬಣ್ಣ ಕುಡಿದುಬಿಡುತ್ತದೆ. ತರಿತರಿಯಾದ ಕೋಲ್ಡ್ ಪ್ರೆಸ್ ಹಾಳೆಯಲ್ಲಿ ಅಚ್ಚಿನ ಗೆರೆ ಅಲ್ಲಲ್ಲಿ ಬಿಟ್ಟುಹೋಗುತ್ತದೆ. ಹಾಳೆಯ ಕೆಳಗೆ ಐದಾರು ಪದರ ನ್ಯೂಸ್‌ಪೇಪರ್ ಹಾಕಿ, ಅಚ್ಚನ್ನು ಅಲುಗಿಸದೆ ನೇರವಾಗಿ ಅದುಮಿದರೆ ಬಹಳಷ್ಟು ಸರಿಹೋಗುತ್ತದೆ.

ಮುಂದಿರುವ ಹೂವನ್ನೇ ಮೊದಲು ಒತ್ತು. ಅದೇ ಹೂವನ್ನು ಸ್ಟಿಕಿ ನೋಟ್ ಮೇಲೂ, ಹಿಂದೆ ಅಂಟಿರುವ ಭಾಗಕ್ಕೆ ಬರುವಂತೆ ಒತ್ತಿ, ಗೆರೆಗಿಂತ ಕೂದಲೆಳೆಯಷ್ಟು ಒಳಗೆ ಕತ್ತರಿಸಿ ಹೂವಿನ ಮೇಲೆ ಮುಚ್ಚು. ಈಗ ಎಲೆಯನ್ನು ಅರ್ಧ ಅದರ ಮೇಲೆ ಬರುವಂತೆ ಒತ್ತಿದರೆ ಎಲೆ ಹೂವಿನ ಹಿಂದೆ ಹೋಗಿ ಕೂರುತ್ತದೆ. ಮುಚ್ಚುವ ಚೂರು ದೊಡ್ಡದಾದರೆ ಹೂವಿಗೂ ಎಲೆಗೂ ನಡುವೆ ಬಿಳಿ ಅಂಚು ಉಳಿಯುತ್ತದೆ, ಅದಕ್ಕೇ ಒಳಗೆ ಕತ್ತರಿಸು ಎಂದದ್ದು. ಮೂರು ಹೂ, ಐದಾರು ಎಲೆ ಸಾಕು. ಪುಟದ ಮೂರನೇ ಒಂದು ಭಾಗವಾದರೂ ಬರೆಯಲು ಖಾಲಿ ಇರಲಿ.

ಇನ್ನು ಬಣ್ಣ. ಹಾಳೆಯ ನಾಲ್ಕೂ ಅಂಚನ್ನು ಮಾಸ್ಕಿಂಗ್ ಟೇಪ್‌ನಿಂದ ಹಲಗೆಗೆ ಅಂಟಿಸಿಕೋ. 6ನೇ ನಂಬರಿನ ದುಂಡು ಬ್ರಶ್, ಎರಡು ಲೋಟ ನೀರು: ಒಂದು ಬ್ರಶ್ ತೊಳೆಯಲು, ಇನ್ನೊಂದು ಬಣ್ಣ ಕಲೆಸಲು. ಒಂದು ದಳಕ್ಕೆ ಬರೀ ನೀರು ಹಚ್ಚು. ಹಾಳೆಯನ್ನು ಓರೆಯಾಗಿ ನೋಡು: ನೀರು ನಿಂತು ಹೊಳೆಯುತ್ತಿದ್ದರೆ ಕಾಯಬೇಕು, ನಿಂತ ನೀರು ಇಂಗಿ ತೇವದ ಮಿನುಗು ಮಾತ್ರ ಉಳಿದಾಗ ದಳದ ಬುಡಕ್ಕೆ ಗಟ್ಟಿ ಕ್ರಿಮ್ಸನ್ ಮುಟ್ಟಿಸು. ಅದು ತಾನಾಗಿ ಅಂಚಿನ ಕಡೆ ತೆಳುವಾಗುತ್ತ ಹರಿಯುತ್ತದೆ. ದಾಸವಾಳದ ನಡುವೆ ಕಾಣುವ ಆ ಕಡುಗೆಂಪು ಕಣ್ಣು ಹೀಗೇ ಬರುವುದು. ಹರಿಯುವಾಗ ತಿದ್ದಲು ಹೋಗಬೇಡ. ಅರ್ಧ ಒಣಗಿದ ಬಣ್ಣಕ್ಕೆ ನೀರು ತುಂಬಿದ ಬ್ರಶ್ ತಾಗಿತೋ, ಆ ನೀರು ಬಣ್ಣವನ್ನು ಹೊರಕ್ಕೆ ತಳ್ಳಿ ಹೂಕೋಸಿನ ಅಂಚಿನಂಥ ಕಲೆ ಮಾಡುತ್ತದೆ.

ಒದ್ದೆಯಿರುವ ದಳದ ಪಕ್ಕದ ದಳಕ್ಕೆ ಕೈ ಹಾಕಬಾರದು, ಎರಡೂ ಕೂಡಿಕೊಂಡು ಒಂದೇ ಕೆಂಪು ತಟ್ಟೆಯಾಗುತ್ತದೆ. ಒಂದು ಮತ್ತು ಮೂರನೆಯದು ಮೊದಲು, ಅವು ಒಣಗಿದ ಮೇಲೆ ಎರಡು ಮತ್ತು ನಾಲ್ಕು, ಕೊನೆಗೆ ಐದನೆಯದು. ದಳ ಐದಾದ್ದರಿಂದ ಎರಡು ಸುತ್ತಿನಲ್ಲಿ ಮುಗಿಯುವುದಿಲ್ಲ. ಮೂರು ಹೂವನ್ನೂ ಜೊತೆಗೇ ನಡೆಸಿದರೆ ಕಾಯುವುದು ತಿಳಿಯುವುದಿಲ್ಲ. ಬಣ್ಣ ಮಿನುಗುತ್ತಿರುವಾಗ ಹೇರ್ ಡ್ರೈಯರ್ ಹಿಡಿಯಬೇಡ, ಗಾಳಿಗೆ ಬಣ್ಣ ಒಂದು ಮೂಲೆಗೆ ಓಡುತ್ತದೆ.

ಕೆಂಪು ಪೂರ್ತಿ ಒಣಗದೆ ಹಸಿರು ಮುಟ್ಟಬೇಡ. ಎರಡೂ ಒದ್ದೆಯಲ್ಲಿ ಸೇರಿದರೆ ಕೆಸರು ಬಣ್ಣ. ಆದರೆ ಅದೇ ಗುಣ ಎಲೆಗೆ ಬೇಕಾಗುತ್ತದೆ: ಟ್ಯೂಬಿನ ಸ್ಯಾಪ್ ಗ್ರೀನ್ ಹಸಿಹಸಿ ಕಾಣುತ್ತದೆ, ಚಿಟಿಕೆ ಕ್ರಿಮ್ಸನ್ ಬೆರೆಸಿದರೆ ದಾಸವಾಳದ ಬಲಿತ ಎಲೆಯ ಹಸಿರಿಗೆ ಬರುತ್ತದೆ.

ಹಿನ್ನೆಲೆಯ ಸಣ್ಣ ಹೂಗಳಿಗೆ ಅಚ್ಚು ಕೆತ್ತಬೇಕಿಲ್ಲ, ಬೆಂಡೆಕಾಯಿ ಇದೆ. ತೊಟ್ಟಿನ ಕಡೆ ಅಡ್ಡ ಕೊಯ್ದು, ಲೋಳೆ ಆರಲು ಬಟ್ಟೆಯ ಮೇಲೆ 15 ನಿಮಿಷ ಬೋರಲಿಡು. ಲೋಳೆ ಇದ್ದರೆ ಬಣ್ಣ ಜಾರುತ್ತದೆ. ತೆಳು ಹಳದಿ ಹಚ್ಚಿ, ಮೊದಲ ಗುರುತನ್ನು ರದ್ದಿ ಕಾಗದಕ್ಕೆ ಒತ್ತಿ, ಎರಡನೆಯದನ್ನು ಪುಟಕ್ಕೆ ಒತ್ತು. ಮಸುಕಾಗಿ ಬಂದರೇ ಹಿಂದೆ ನಿಲ್ಲುವುದು.

ಕೇಸರದ ದಂಡನ್ನು 0.3 ಮಿ.ಮೀ. ಮೊನೆಯ ವಾಟರ್‌ಪ್ರೂಫ್ ಪೆನ್ನಿನಲ್ಲಿ ಎಳೆ. ಅದರ ಹಳದಿ ಚುಕ್ಕೆಗಳಿಗೆ ಪೋಸ್ಟರ್ ಕಲರ್ ಬೇಕು. ವಾಟರ್ ಕಲರ್‌ನ ಹಳದಿ ಪಾರದರ್ಶಕ, ಕೆಂಪಿನ ಮೇಲೆ ಕಾಣುವುದಿಲ್ಲ. ಎಲ್ಲ ಒಣಗಿದ ಮೇಲೆ ಟೇಪನ್ನು ಹೊರಮುಖವಾಗಿ, ನಿಧಾನವಾಗಿ ಕಿತ್ತು, ಹಾಳೆಯನ್ನು ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗಿಡು. ಅಕ್ರಿಲಿಕ್ ಬಳಸಿದ್ದರೆ ಎದುರು ಪುಟಕ್ಕೆ ಅಂಟಿಕೊಳ್ಳದಂತೆ ನಡುವೆ ಬಟರ್ ಪೇಪರ್ ಇರಲಿ. ಕೆತ್ತಿದ ರಬ್ಬರ್‌ಗಳನ್ನು ಮಾತ್ರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರಿದೇ ಹಾಕಬೇಡ. ಅವುಗಳಲ್ಲಿರುವ ಮೆದುಕಾರಕ ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಿಕೊಳ್ಳುತ್ತದೆ. ಒಂದೊಂದನ್ನೂ ಕಾಗದದಲ್ಲಿ ಸುತ್ತಿಡು.

ಪುಟ ಮುಗಿದ ಮೇಲೆ ಫೋಟೋ ಕಳಿಸು.

ನಿನ್ನ ಗೆಳತಿ