ಹೆನ್ರಿ ಸ್ಟಕೀ ಹೆಸರು ಬಿಟ್ಟುಹೋಗಿದೆ, ಮೂರನೇ ತಂತಿಯ ಸ್ವರವೂ ತಪ್ಪಿದೆ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಗಿಟಾರ್ ವಾದಕ ಸ್ಕಿಪ್ ಜೇಮ್ಸ್ ಕುರಿತು ಬಂದ ಬರಹ ಓದಿದೆವು. ಇಂಥ ಕಲಾವಿದರಿಗೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟಿದ್ದು ಸಂತೋಷದ ವಿಷಯ. ಆದರೆ ಅದರಲ್ಲಿ ಎರಡು ತಪ್ಪುಗಳಿವೆ. ಗಿಟಾರಿನ ಆ ವಿಷಾದದ ಶ್ರುತಿಯನ್ನು ಜೇಮ್ಸ್ ತಾವೇ ಕಂಡುಹಿಡಿದರು ಎಂದು ಬರೆದಿದ್ದೀರಿ. ಅದು ‘ಓಪನ್ ಡಿ’ ಶ್ರುತಿ ಎಂದೂ ಬರೆದಿದ್ದೀರಿ. ಮೊದಲನೆಯದು ಅವರಿಗೆ ಹೇಳಿಕೊಟ್ಟವರಿಗೆ ಮಾಡಿದ ಅನ್ಯಾಯ. ಎರಡನೆಯದನ್ನು ನಂಬಿ ಶ್ರುತಿ ಮಾಡಿಕೊಂಡವರಿಗೆ ಆ ಸಂಗೀತ ಸಿಗುವುದೇ ಇಲ್ಲ.

ಜೇಮ್ಸ್ 1902ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಬೆಂಟೋನಿಯಾ ಎಂಬ ಪುಟ್ಟ ಊರಿನ ಬಳಿ ಹುಟ್ಟಿದರು. ಅದೇ ಸೀಮೆಯ ಹೆನ್ರಿ ಸ್ಟಕೀ, ಜೇಮ್ಸ್‌ಗಿಂತ ಐದು ವರ್ಷ ದೊಡ್ಡವರು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ ಫ್ರಾನ್ಸಿಗೆ ಹೋಗಿದ್ದ ಸ್ಟಕೀ, ಅಲ್ಲಿ ಕೆಲವು ಕಪ್ಪು ಸೈನಿಕರು ಗಿಟಾರನ್ನು ಬೇರೆ ಥರ ಶ್ರುತಿ ಮಾಡಿ ನುಡಿಸುವುದನ್ನು ಕಂಡು ಕಲಿತರು. ಆ ಸೈನಿಕರು ಬಹಾಮಾ ದ್ವೀಪಗಳವರಿರಬೇಕು ಎಂಬುದು ಸ್ಟಕೀ ಎಣಿಕೆ. ಊರಿಗೆ ಮರಳಿದ ಮೇಲೆ ಅದನ್ನೇ ಜೇಮ್ಸ್‌ಗೆ ಹೇಳಿಕೊಟ್ಟರು. ಇದು ದಂತಕಥೆಯಲ್ಲ, ಬ್ಲೂಸ್ ಸಂಶೋಧಕ ಗೇಲ್ ಡೀನ್ ವಾರ್ಡ್‌ಲೋ ಅವರು ಸ್ಟಕೀಯವರನ್ನು ಕಂಡು ಮಾತನಾಡಿಸಿದ್ದಾರೆ. 1966ರಲ್ಲಿ ತೀರಿಕೊಂಡ ಸ್ಟಕೀ ಅವರ ಒಂದೇ ಒಂದು ರೆಕಾರ್ಡೂ ಹೊರಬರಲಿಲ್ಲ. ಅವರ ಹೆಸರು ಅಳಿಸಿಹೋಗಲು ಇದೇ ಕಾರಣ. ಅದೇ ಊರಿನ ಜ್ಯಾಕ್ ಓವೆನ್ಸ್ ಇದೇ ಶ್ರುತಿಯಲ್ಲಿ ನುಡಿಸುತ್ತಿದ್ದರು. ಬಾಲ್ಯದಲ್ಲಿ ಸ್ಟಕೀ ನುಡಿಸುವುದನ್ನು ಕೇಳಿ ಬೆಳೆದ ಜಿಮ್ಮಿ ‘ಡಕ್’ ಹೋಮ್ಸ್ ಈಗಲೂ ಆ ಪರಂಪರೆಯವರು. ಒಬ್ಬನ ತಲೆಯಲ್ಲಿ ಹೊಳೆದದ್ದು ಇಡೀ ಊರಿನ ಬಾನಿಯಾಗುವುದು ಅಪರೂಪ, ಇಲ್ಲಿ ಹಾಗಾಗಿಲ್ಲ.

ಇನ್ನು ಶ್ರುತಿಯ ವಿಷಯ. ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಗಿಟಾರಿನ ಮಾಮೂಲಿ ಶ್ರುತಿ ಇ ಎ ಡಿ ಜಿ ಬಿ ಇ. ಬೆಂಟೋನಿಯಾದ್ದು ಇ ಬಿ ಇ ಜಿ ಬಿ ಇ, ಅಂದರೆ ಇ ಮೈನರ್ (ಕೆಳಗಿನ ಗಾಂಧಾರದ, ವಿಷಾದದ ಛಾಯೆಯ ಶ್ರುತಿ). ತಂತಿಗಳ ಸಂಖ್ಯೆಯನ್ನು ಮಾತ್ರ ಸಣ್ಣ ತಂತಿಯಿಂದ ಎಣಿಸುತ್ತಾರೆ. ಐದನೆಯ ಮತ್ತು ನಾಲ್ಕನೆಯ ತಂತಿಗಳನ್ನು ಎರಡೆರಡು ಅರ್ಧಸ್ವರ ಏರಿಸಿದರೆ ಸಾಕು, ಉಳಿದ ನಾಲ್ಕನ್ನು ಮುಟ್ಟಬೇಕಿಲ್ಲ. ಕೇಳಲು ಸುಲಭ, ಆದರೆ ಎರಡು ಅರ್ಧಸ್ವರ ಏರಿದರೆ ತಂತಿಯ ಬಿಗಿತ ಸುಮಾರು 26 ಪ್ರತಿಶತ ಹೆಚ್ಚುತ್ತದೆ. ಹಳೆಯ ತಂತಿಯಾದರೆ ಬಿರಡೆಯ ಹತ್ತಿರ ಪಟ್ಟನೆ ಹರಿಯಬಹುದು. ಅಗ್ಗದ ಗಿಟಾರಿನಲ್ಲಿ ವರ್ಷಗಟ್ಟಲೆ ಹಾಗೇ ಬಿಟ್ಟರೆ ಬ್ರಿಜ್ಜು (ತಂತಿಗಳ ಬುಡ ಹಿಡಿದಿರುವ ಪಟ್ಟಿ) ಅಂಟು ಬಿಟ್ಟು ಮೇಲೇಳಬಹುದು. ಆದ್ದರಿಂದ ಅದೇ ಅಂತರಗಳನ್ನು ಕೆಳಗಿಳಿಸಿ ಡಿ ಎ ಡಿ ಎಫ್ ಎ ಡಿ ಮಾಡಿಕೊಳ್ಳುವುದು ಕ್ಷೇಮ. ಎರಡನೇ ಫ್ರೆಟ್ಟಿಗೆ (ಕತ್ತಿನ ಮೇಲಿನ ಅಡ್ಡಮೆಟ್ಟಿಲಿಗೆ) ಕಾಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಪಟ್ಟಿ, ಹಾಕಿದರೆ ಮತ್ತೆ ಇ ಮೈನರ್.

ಇಲ್ಲಿ ಐದನೆಯ (ಎ) ಮತ್ತು ನಾಲ್ಕನೆಯ (ಡಿ) ತಂತಿಗಳು ಇದ್ದ ಹಾಗೇ ಇರುತ್ತವೆ. ಆರನೆಯದನ್ನು ನಾಲ್ಕನೆಯದಕ್ಕೆ ಒಂದು ಸ್ಥಾಯಿ ಕೆಳಗೆ ಹೊಂದಿಸಿ. ನಾಲ್ಕನೆಯ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ, ಬರುವ ಎಫ್‌ಗೆ ಮೂರನೆಯ ತಂತಿಯನ್ನು ಇಳಿಸಿ. ಎರಡನೆಯದು ಐದನೆಯದಕ್ಕಿಂತ, ಒಂದನೆಯದು ನಾಲ್ಕನೆಯದಕ್ಕಿಂತ ಒಂದು ಸ್ಥಾಯಿ ಮೇಲೆ. ಇಳಿಸುವಾಗ ಬೇಕಾದ ಸ್ವರಕ್ಕಿಂತ ತುಸು ಕೆಳಗೆ ಹೋಗಿ, ಮತ್ತೆ ಏರಿಸುತ್ತಾ ಬಂದು ನಿಲ್ಲಿಸಿ. ಇಲ್ಲದಿದ್ದರೆ ಬಿರಡೆಯ ಹಲ್ಲಿನ ಸಡಿಲದಿಂದ ನುಡಿಸುತ್ತಿದ್ದಂತೆ ಶ್ರುತಿ ಜಾರುತ್ತದೆ. ನಾಲ್ಕು ತಂತಿ ಸಡಿಲವಾದ ಮೇಲೆ ಗಿಟಾರಿನ ಕತ್ತು ನೆಟ್ಟಗಾಗಿ, ಮೊದಲು ಹೊಂದಿಸಿದ ತಂತಿಗಳ ಶ್ರುತಿ ಸ್ವಲ್ಪ ಏರಿರುತ್ತದೆ. ಹಾಗಾಗಿ ಎರಡನೇ ಸುತ್ತು ತಪ್ಪಿಸಬೇಡಿ. ತಂತಿ ಫ್ರೆಟ್ಟಿಗೆ ಬಡಿದು ಝರಝರ ಎಂದರೆ ಒಂದು ಹಂತ ದಪ್ಪದ ತಂತಿ ಹಾಕಿಸಿ. ಫೋನಿನ ಟ್ಯೂನರ್ ಬಳಸುವವರು ‘ಗಿಟಾರ್’ ಬಿಟ್ಟು, ಎಲ್ಲ ಹನ್ನೆರಡು ಸ್ವರಗಳನ್ನೂ ತೋರಿಸುವ ‘ಕ್ರೊಮ್ಯಾಟಿಕ್’ ಆರಿಸಿಕೊಳ್ಳಬೇಕು. ಮೊದಲನೆಯದು ಮಾಮೂಲಿ ಶ್ರುತಿಯ ಸ್ವರಗಳನ್ನಷ್ಟೇ ಹುಡುಕಿ ದಾರಿ ತಪ್ಪಿಸುತ್ತದೆ.

ನಿಮ್ಮ ಬರಹದ ತಪ್ಪು ಇರುವುದು ಮೂರನೆಯ ತಂತಿಯಲ್ಲಿ. ಓಪನ್ ಡಿ ಎಂಬುದು ಮೇಲಿನ ಗಾಂಧಾರದ, ಮೇಜರ್ ಶ್ರುತಿ. ಅದರಲ್ಲಿ ಮೂರನೆಯ ತಂತಿ ಎಫ್ ಶಾರ್ಪ್. ಅಂತರ ಅರ್ಧಸ್ವರವಷ್ಟೇ, ಆದರೆ ಎಲ್ಲವೂ ಅಲ್ಲೇ ಇದೆ. ನಮ್ಮ ಸಂಗೀತ ಬಲ್ಲವರಿಗೆ ಹೇಳುವುದಾದರೆ, ಬೆಂಟೋನಿಯಾ ಶ್ರುತಿಯ ತಂತಿಗಳು ಸ ಪ ಸ ಗ ಪ ಸ. ಆ ಗಾಂಧಾರ ಸಾಧಾರಣ ಗಾಂಧಾರ. ತೋರುಬೆರಳಿನಿಂದ ಮೂರನೆಯ ತಂತಿಯ ಮೊದಲ ಫ್ರೆಟ್ಟನ್ನು ತಟ್ಟಿದರೆ ಅದೇ ಅಂತರ ಗಾಂಧಾರವಾಗುತ್ತದೆ. ಬೆರಳು ಎತ್ತಿದರೆ ಮೈನರ್, ತಟ್ಟಿದರೆ ಮೇಜರ್. ಜೇಮ್ಸ್ ಸಂಗೀತ ಈ ಎರಡರ ನಡುವೆ ತೂಗಾಡುತ್ತದೆ, ಆ ತೂಗಾಟದ ಮೇಲೆ ಅವರ ತೆಳು, ಎತ್ತರದ ಕಂಠ ತೇಲುತ್ತದೆ. ಶುರುವಿನಲ್ಲೇ ಎಫ್ ಶಾರ್ಪ್ ಕಟ್ಟಿಕೊಂಡವರಿಗೆ ಖಾಲಿ ತಂತಿಯಲ್ಲಿ ಆ ಕೆಳಗಿನ ಗಾಂಧಾರ ಸಿಗುವ ದಾರಿಯೇ ಇಲ್ಲ.

ಬಲಗೈಯ ಬಗ್ಗೆ ಒಂದು ಮಾತು: ಜೇಮ್ಸ್ ಹೆಬ್ಬೆರಳು ಮತ್ತು ಎರಡು ಬೆರಳುಗಳ ಉಗುರಿನಿಂದ ಮೀಟುತ್ತಿದ್ದರು. ಪಿಕ್ (ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಈ ಬಾನಿ ಕಲಿಯಲಾಗದು.

ಜೇಮ್ಸ್ ಅವರ 1931ರ ಧ್ವನಿಮುದ್ರಿಕೆಗಳ ಗರಗರ ಸದ್ದಿಗೆ ಹಳೆಯ ಕಾಲದ ತಂತ್ರಜ್ಞಾನವೇ ಕಾರಣ ಎಂದುಕೊಳ್ಳುವುದೂ ಪೂರ್ತಿ ಸರಿಯಲ್ಲ. ಅವನ್ನು ಹೊರತಂದ ಪ್ಯಾರಾಮೌಂಟ್, ವಿಸ್ಕಾನ್ಸಿನ್ ರಾಜ್ಯದ ಒಂದು ಕುರ್ಚಿ ತಯಾರಿಕೆ ಕಂಪನಿಯ ಉಪಶಾಖೆ. ಅದು ಬಳಸುತ್ತಿದ್ದ ಅರಗು ಕೀಳು ದರ್ಜೆಯದು. ಅದೇ ಕಾಲದ ಬೇರೆ ಕಂಪನಿಗಳ ರೆಕಾರ್ಡುಗಳು ಎಷ್ಟೋ ಸ್ವಚ್ಛವಾಗಿವೆ. ಹೊರಬಂದದ್ದು 18 ಹಾಡುಗಳು, ಅದರಲ್ಲಿ ಐದು ಪಿಯಾನೊ ಮೇಲೆ. ಆರ್ಥಿಕ ಕುಸಿತದ ಕಾಲ, ಮಾರಾಟವಾಗಲಿಲ್ಲ; ಜೇಮ್ಸ್ ಚರ್ಚಿನ ಕೆಲಸಕ್ಕೆ ಹೋದರು. ಈಗ ಸಿಗುವುದೆಲ್ಲ ಸಂಗ್ರಹಕಾರರ ಬಳಿ ಉಳಿದ ಸವೆದ ಪ್ರತಿಗಳಿಂದ ತೆಗೆದದ್ದು. 1964ರಲ್ಲಿ ಮೂವರು ಯುವ ಗಿಟಾರ್ ವಾದಕರು ಮಿಸಿಸಿಪಿಯ ಟ್ಯುನಿಕಾ ಊರಿನ ಆಸ್ಪತ್ರೆಯೊಂದರಲ್ಲಿ ಅವರನ್ನು ಪತ್ತೆ ಮಾಡಿದರು. ಆಮೇಲೆ ಕ್ಯಾನ್ಸರಿನಿಂದ 1969ರಲ್ಲಿ ತೀರಿಕೊಳ್ಳುವವರೆಗೆ ಸಿಕ್ಕ ಐದು ವರ್ಷದಲ್ಲಿ ಅವರು ಮತ್ತೆ ಸ್ಟುಡಿಯೊಗೆ ಹೋದರು. ಬೆರಳಿನ ಚಲನೆ ಕೇಳಿ ಕಲಿಯಬೇಕೆನ್ನುವವರು ವ್ಯಾನ್‌ಗಾರ್ಡ್ ಕಂಪನಿಗಾಗಿ ಅವರು ನುಡಿಸಿದ್ದನ್ನು ಮೊದಲು ಕೇಳಲಿ. ಒಂದೊಂದು ತಂತಿಯೂ ಬಿಡಿಸಿ ಕೇಳುತ್ತದೆ. 1931ರ ವೇಗ ಮತ್ತು ಕಂಠದ ಏರು ಅಲ್ಲಿಲ್ಲ, ಅದಕ್ಕೆ ಹಳೆಯದಕ್ಕೇ ಮರಳಬೇಕು.

ಮುಂದಿನ ಪುರವಣಿಯಲ್ಲಿ ‘ಓಪನ್ ಡಿ’ ಎಂಬುದನ್ನು ‘ಡಿ ಮೈನರ್: ಡಿ ಎ ಡಿ ಎಫ್ ಎ ಡಿ’ ಎಂದು ತಿದ್ದಿ, ಜೇಮ್ಸ್‌ಗೆ ಅದನ್ನು ಕಲಿಸಿದವರು ಹೆನ್ರಿ ಸ್ಟಕೀ ಎಂಬ ಒಂದು ಸಾಲನ್ನು ಸೇರಿಸಬೇಕಾಗಿ ಕೋರುತ್ತೇವೆ.

– ಗಿಟಾರ್ ಶಿಕ್ಷಕರು, ಮೈಸೂರು